ಏಳನೇ ಲೇನಿನ ತಕರಾರು

ಪ್ರತಿ ಮಂಗಳವಾರ ಅವರು ಏಳನೇ ಲೇನಿಗೇ ಬರುತ್ತಾರೆ.
ಬೌಲಿಂಗ್ ಬೂಟಿನ ಗೂಡುಗಳ ಮುಂದೆ ನಿಂತು
ಒಬ್ಬೊಬ್ಬರಿಗೆ ಎತ್ತಿಕೊಡುತ್ತೇನೆ:
ವಾಂಡಾಗೆ ಏಳು, ಎಮ್ಮೆಟ್‌ಗೆ ಒಂಬತ್ತೂವರೆ,
ಮಾರಿಸೋಲ್‌ಗೆ ಮಕ್ಕಳ ಸೈಜು,
ರಾಸ್ಕೋಗೆ ಹದಿನಾಲ್ಕು. ಅಂಥ ಪಾದ
ಇಡೀ ಈರೀ ಪಟ್ಟಣದಲ್ಲಿ ಇನ್ನೊಂದಿಲ್ಲ,
ಆ ಜೋಡಿಯನ್ನು ಬೇರೆ ಯಾರೂ ಕೇಳಿಲ್ಲ.

ಚೆಂಡು ಉರುಳುವ ಮುಂಚೆ ಮಾತು ಉರುಳುತ್ತದೆ.

"ಒಂಬತ್ತನೇ ಸೀಸನ್," ಅನ್ನುತ್ತಾನೆ ರಾಸ್ಕೋ,
ರೈಲು ಇಂಜಿನ್ನು ಬೆಸೆಯುವ ಕೈಯನ್ನು ಮೇಜಿಗೆ ಕುಟ್ಟಿ.
"ಹಾಸಿಗೆ ಅಂಗಡೀಲಿ ಮಾರೋ ಹಾಸಿಗೆ ಮೇಲೇ
ಗೊರಕೆ ಹೊಡೀತಿದ್ದನಲ್ಲ ಆರ್ವಿಲ್ ಪ್ಲಂಕೆಟ್,
ಆಗ ಅವನು ನಮ್ಮವನು.
ಚಂದ್ರನಿಗೆ ಹೋದ ನೋಡು, ಅವತ್ತೇ ಸತ್ತ."

"ಸತ್ತಿದ್ದು ಅವನಲ್ಲ," ವಾಂಡಾ
ಚೆಂಡಿನ ತೂತಿಗೆ ಬೆರಳು ತೂರಿಸುತ್ತ,
"ಅವನ ಹೆಂಡತಿಗೆ ದನಿ ಕೊಡ್ತಿದ್ದಾಕೆ.
ಹೊಸಬಳು ಅದೇ ಕೆಮ್ಮು ಕೆಮ್ಮುತ್ತಾಳೆ,
ಅದೇ ರಾಗದಲ್ಲಿ ಆರ್ವಿಲ್ ಅಂತಾಳೆ,
ಆದರೆ ಗಂಡನ್ನ ಕರೆದ ಹಾಗಿರಲ್ಲ,
ಮುಂದಿನ ಗಿರಾಕೀನ ಕರೆದ ಹಾಗಿರುತ್ತೆ."
ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು,
ಆ ಕರೆ ಅವಳಿಗೆ ಗೊತ್ತು.

ಎಮ್ಮೆಟ್ ಬಳಿ ಪಟ್ಟಿಯಿದೆ.
ಮಡಿಕೆ ಹರಿದಲ್ಲೆಲ್ಲ ಅಂಟುಪಟ್ಟಿ.
ಐನೂರ ತೊಂಬತ್ತೆಂಟು ಕಂತು, ಪ್ರತಿಯೊಂದಕ್ಕೂ
ಹತ್ತಕ್ಕೆ ಇಷ್ಟು ಎಂದು ಕೆಂಪು ಶಾಯಿಯ ಅಂಕ.
ಹನ್ನೊಂದನೇ ಸೀಸನ್ನಿನ ನಂತರ
ಏಳು ದಾಟಿದ್ದು ಮೂರೇ ಮೂರು.
"ಮಿಕ್ಕಿದ್ದೆಲ್ಲ ಹಳಸಿದ್ದಕ್ಕೆ ಒಗ್ಗರಣೆ."

"ಹಾಗಾದ್ರೆ ಇನ್ನೂ ಯಾಕೆ ನೋಡ್ತೀರ?"
ಮಾರಿಸೋಲ್. ಇಪ್ಪತ್ತಮೂರು ವರ್ಷ.
ಎಮ್ಮೆಟ್ ಕನ್ನಡಕ ತೆಗೆದು ಒರೆಸಿದ.
"ಅಂಕ ಹಾಕೋಕೆ ಯಾರಾದರೂ ಬೇಕಲ್ಲ."

"ನನಗೆ ಇಪ್ಪತ್ತೆರಡನೇ ಸೀಸನ್ನೇ ಚಿನ್ನ," ಅಂದಳು ಅವಳು.
"ಅವರ ಹೆಬ್ಬಾತು ಮೇಯರ್ ಚುನಾವಣೆಗೆ ನಿಂತಿತ್ತಲ್ಲ, ಅದು.
ಈ ದೇಶಕ್ಕೆ ಬಂದು ನಾಲ್ಕೇ ತಿಂಗಳು ಆಗ.
ಅಮ್ಮನಿಗೆ ರಾತ್ರಿ ಪಾಳಿ. ನಾನು, ನನ್ನ ತಮ್ಮ, ಒಂದು ಪಾತ್ರೆ ಮ್ಯಾಕರೋನಿ.
ನಾನು ಇಂಗ್ಲಿಷ್ ಕಲಿತಿದ್ದೇ ಆ ಹೆಬ್ಬಾತಿನಿಂದ."
"ಹೆಬ್ಬಾತು ಮಾತಾಡಲ್ಲ," ಅಂದ ಎಮ್ಮೆಟ್.
"ಅದನ್ನ ಬೈಯೋರಿಂದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ನಾಲ್ಕನೇ ಲೇನಿನಲ್ಲಿ ಹತ್ತೂ ಪಿನ್ನು ಒಟ್ಟಿಗೆ ಬಿದ್ದವು.
ಆಮೇಲೆ ರಾಸ್ಕೋ, ಮೆತ್ತಗೆ:
"ಆದರೂ ಚಂದ್ರನಿಗೆ ಹೋಗಬಾರದಿತ್ತು."

ಪ್ಲಂಕೆಟ್ ಮನೆಯ ಹುಡುಗನಿಗೆ ಈಗಲೂ ಹತ್ತು ವರ್ಷ.
ಶುರುವಾದಾಗ ರಾಸ್ಕೋಗೂ ಅಷ್ಟೇ.
ಈಗ ಆರ್ವಿಲ್‌ಗಿಂತ ಇವನೇ ಎರಡು ವರ್ಷ ದೊಡ್ಡವನು,
ಮಂಡಿಗೆ ಪಟ್ಟಿ ಕಟ್ಟಿಕೊಂಡು ಚೆಂಡು ಎಸೆಯುತ್ತಾನೆ.
ಅದನ್ನು ಮಾತ್ರ ಯಾರೂ ವಾದಕ್ಕೆ ತಂದಿಲ್ಲ.

ನನ್ನನ್ನು ಯಾರೂ ಕೇಳುವುದಿಲ್ಲ.
ನಾಲ್ಕನೇ ಸೀಸನ್ನಿನ ನಡುವೆ
ನನಗೆ ಇಲ್ಲಿ ಸಂಜೆ ಪಾಳಿ ಬಿತ್ತು.
ಕೊನೆಯ ಸಲ ನೋಡಿದಾಗ
ಹೆಬ್ಬಾತು ಗ್ಯಾರೇಜಿನ ಮಾಡು ಹತ್ತಿ ಕೂತಿತ್ತು,
ಆರ್ವಿಲ್ ಚಡ್ಡಿಯಲ್ಲೇ ಏಣಿ ಹುಡುಕುತ್ತಿದ್ದ,
ಪರದೆಯ ಬುಡದಲ್ಲಿ ಸರೋವರದ ಕಡೆಯ ಹಿಮದ ಎಚ್ಚರಿಕೆ
ಬಲದಿಂದ ಎಡಕ್ಕೆ ಹರಿಯುತ್ತಿತ್ತು.
ಬಸ್ಸಿಗೆ ಹೊತ್ತಾಗಿತ್ತು. ಆರಿಸಿ ಬಂದೆ.

ಅದು ಇಳಿಯಿತೋ ಇಲ್ಲವೋ
ಇಪ್ಪತ್ತೇಳು ವರ್ಷವಾಯಿತು, ಗೊತ್ತಿಲ್ಲ.
ಕೇಳಿದರೆ ನಾಲ್ವರೂ ಬಾಯಿ ತೆರೆದಾರು,
ಎಮ್ಮೆಟ್ ಅಂಕವನ್ನೂ ಹೇಳಿಯಾನು.
ಕೇಳಿಲ್ಲ.
ನನ್ನ ಪಾಲಿಗೆ ಅದು ಇನ್ನೂ ಮೇಲೇ ಇದೆ,
ಕತ್ತು ಉದ್ದ ಮಾಡಿಕೊಂಡು,
ಕೆಡುವುದಕ್ಕೆ ಪುರಸೊತ್ತಿಲ್ಲದೆ.

ಹತ್ತೂವರೆಗೆ ಬೂಟುಗಳು ವಾಪಸು. ಒಳಗೆ ಇನ್ನೂ ಬಿಸಿ.
ಒಂದೊಂದಕ್ಕೂ ಔಷಧಿ ಸಿಂಪಡಿಸುತ್ತೇನೆ,
ಹದಿನಾಲ್ಕಕ್ಕೆ ಎರಡು ಸಲ.
ರಾಸ್ಕೋ ಬಾಗಿಲಲ್ಲಿ ಕೋಟಿನ ಜಿಪ್ಪು ಎಳೆದುಕೊಳ್ಳುತ್ತ
ಯಾರಿಗೂ ಅಲ್ಲದಂತೆ ಅನ್ನುತ್ತಾನೆ,
"ಭಾನುವಾರ ಹೊಸ ಕಂತಂತೆ. ಥೂ.
ಎಂಟಕ್ಕೋ, ಎಂಟೂವರೆಗೋ?"