ಬಿಡದ ನೀರು

ಜಪ್ಪುವಿನ ಇಳಿಜಾರಿನಲ್ಲಿ ನಮ್ಮ ಲ್ಯಾಬು
ಮಧ್ಯಾಹ್ನ ಎರಡೂವರೆಗೆ ಮೀನಿನ ವಾಸನೆಯಲ್ಲೇ ಶುರು.
ಬಂದರಿನ ಗಾಳಿ.
ಅಸ್ಮಿನಾ ಅಮೋನಿಯಾದ ಬಿರಡೆ ತೆಗೆದಳೋ
ಮೀನೂ ಇಲ್ಲ, ಬಂದರೂ ಇಲ್ಲ,
ಕಣ್ಣಲ್ಲಿ ನೀರು ಮಾತ್ರ.

ಮೈಲುತುತ್ತದ ನೀಲಿಗೆ ಹನಿಹನಿಯಾಗಿ ಬಿಡು, ಎಂದೆ.
ಮೊದಲು ಸುಣ್ಣ ಕಲಸಿದ ಹಾಗೆ ಕದಡಿತು,
ಹಾಳಾಯಿತೆಂದು ನನ್ನ ಮುಖ ನೋಡಿದಳು.
ಇನ್ನೂ ಬಿಡು.
ಕದಡಿದ್ದೆಲ್ಲ ಕರಗಿ
ಶಾಯಿಕುಪ್ಪಿ ಉರುಳಿದಂಥ ನೀಲಿ.
ಲೋಹ ಅದೇ. ಸುತ್ತ ಕೂತವರು ಬೇರೆ.

ಉದಾಹರಣೆ ಹುಡುಕಬೇಕಿಲ್ಲ ಈ ಊರಲ್ಲಿ.
ಅಟೆಂಡರ್ ಲಿಗೋರಿ
ನನ್ನ ಹತ್ತಿರ ಕನ್ನಡ, ಆಫೀಸಿನವರ ಹತ್ತಿರ ತುಳು,
ಅಸ್ಮಿನಾ ಎದುರು ಅರ್ಧಂಬರ್ಧ ಬ್ಯಾರಿ,
ಒಡೆದ ಬೀಕರಿಗೆ ಮಾತ್ರ ಅಚ್ಚ ಕೊಂಕಣಿಯ ಬೈಗುಳ.
ಹುಡುಗರು ತನ್ನನ್ನು ಲಿಗ್ಯಾಂಡ್ ಅನ್ನುವುದು ಗೊತ್ತಿದೆ ಅವರಿಗೆ;
ಬೋರ್ಡಿನ ಮೇಲೆ ಆ ಪದ ಬರೆದರೆ
ಹಾಜರಿ ಹೇಳುವವರಂತೆ ಹಿಂದಿನಿಂದ ಕೈ ಎತ್ತುತ್ತಾರೆ.

ಕಡು ಆಮ್ಲ ಸುರಿದರೆ ತಾಮ್ರ ಹಳದಿ-ಹಸಿರು,
ನೀರು ಸುರಿದರೆ ಮತ್ತೆ ನೀಲಿ.
‘ನಮ್ಮ ಅಳಿವೆಯ ಹಾಗೆ ಮೇಡಂ,
ಭರತಕ್ಕೆ ಉಪ್ಪು, ಇಳಿತಕ್ಕೆ ಸಿಹಿ.
ಬಾವಿಗೆ ಸಮುದ್ರ ಯಾವಾಗ ಬಂತೆಂದು
ಉಮ್ಮ ನಾಲಗೆಯಲ್ಲೇ ಹೇಳ್ತಾರೆ.’
ಅಂಥ ನಾಲಗೆ ನಮ್ಮ ಕಪಾಟಿನಲ್ಲಿಲ್ಲ.

ತಾಮ್ರ ತನ್ನ ಮಗ್ಗುಲಿನ ನೀರನ್ನು
ಸೆಕೆಂಡಿಗೆ ನೂರಾರು ಕೋಟಿ ಸಲ ಬದಲಿಸುತ್ತದೆ.
ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸಿನ ಸೀಟೂ
ಅಷ್ಟು ಬೇಗ ಖಾಲಿಯಾಗಿ ತುಂಬುವುದಿಲ್ಲ.

ಕೊನೆಗೆ ಕ್ರೋಮಿಯಂ.
ಮಂಕು ನೇರಳೆ, ಸುತ್ತ ಆರು ನೀರು.
ಅದಕ್ಕೆ ಈಡಿಟಿಎ ಹಾಕಬೇಕು:
ಒಂದೇ ಅಣು, ಕೊಂಡಿ ಆರು,
ಒಬ್ಬನೇ ಬಂದು ಆರು ಜನರನ್ನು ಎಬ್ಬಿಸುವಂಥದ್ದು.
‘ಹೆಸರಲ್ಲೇ ಏಡಿ ಉಂಟಲ್ಲ,’ ಎಂದರು ಲಿಗೋರಿ,
‘ಡೆಂಜಿ. ಹಿಡಿದರೆ ಬಿಡ್ಲಿಕ್ಕಿಲ್ಲ.’
ಸುರಿದಳು. ಕಾದಳು.
ನಾಲ್ಕು ಹತ್ತು. ನಾಲ್ಕೂಕಾಲು.
ಎಲ್ಲರೂ ಟ್ಯೂಬು ತೊಳೆಯುತ್ತಿದ್ದರು.
ರೆಕಾರ್ಡಿನಲ್ಲಿ ಬರೆದಳು: ಬದಲಾವಣೆ ಇಲ್ಲ.

ಲಿಗೋರಿ ಬಗ್ಗಿ ಓದಿದರು.
‘ಅದನ್ನು ಪೆನ್ಸಿಲಿನಲ್ಲಿ ಬರಿ ಮಗಾ.’

ಬಿಸಿ ಮಾಡಿದರೆ ಐದು ನಿಮಿಷದ ಕೆಲಸ, ನನಗೆ ಗೊತ್ತು.
ಬರ್ನರಿಗೆ ಕೈ ಹಾಕಿದೆ.
ಅವರು ಗ್ಯಾಸ್ ಆಗಲೇ ಬಂದ್ ಮಾಡಿದ್ದರು.
‘ಇರ್ಲಿ ಮೇಡಂ. ಸೋಮವಾರ ನೋಡುವ. ಅದು ಕ್ರೋಮಿಯಂ.’
ಬಿಳಿ ಪ್ಲಾಸ್ಟರು ಹರಿದು ಅಂಟಿಸಿ ತಾರೀಕು ಬರೆದರು.
ಅದೇ ಅಕ್ಷರ ಇಲ್ಲಿನ ಎಲ್ಲ ಕುಪ್ಪಿಗಳ ಮೇಲೆ,
ಮೂವತ್ತೊಂದು ವರ್ಷದ್ದು.

ಫ್ಲೋಸಿಬಾಯಿ ತೀರಿ ಎರಡು ವರ್ಷ.
ಬೀಗ ಹಾಕಿ ಹೋಗುವಾಗ ದಾರಿಯ ಹೋಟೆಲಿನಲ್ಲಿ
ಈಗಲೂ ಎರಡು ಬನ್ಸ್ ಕಟ್ಟಿಸುತ್ತಾರೆ.
ಇನ್ನೊಂದು ಯಾರಿಗೆಂದು ಕೇಳಿದವರಿಗೆ
ನಾಳೆಗೆ, ಎನ್ನುತ್ತಾರೆ.

ಸೋಮವಾರ ಟ್ಯೂಬಿನಲ್ಲಿ
ನೀರು ಬೆರೆಸದ ಪುನರ್ಪುಳಿ ಶರಬತ್ತು.
ಅಸ್ಮಿನಾ ಓಡಿ ಬಂದಳು, ರಬ್ಬರಿನಿಂದ ಉಜ್ಜಿದಳು;
ಒತ್ತಿ ಬರೆದಿದ್ದಳು, ಹಾಳೆಯಲ್ಲಿ ಗೀರು ಉಳಿಯಿತು.
ಸರಿಯಾಗಿ ಎಷ್ಟು ಹೊತ್ತಿಗೆ ಬದಲಾಯಿತು ಸರ್?
ಶನಿವಾರವಾ? ರಾತ್ರಿಯಾ?
ಕಾಲೇಜಿಗೆ ರಜೆ, ಯಾರಿದ್ದರು ನೋಡಲಿಕ್ಕೆ.

‘ಆದಿತ್ಯವಾರ ಇಗರ್ಜಿ ಮುಗಿಸಿ ಒಮ್ಮೆ ಬಂದಿದ್ದೆ,’
ಬೀಗದಕೈ ಗೊಂಚಲು ನೋಡುತ್ತ ಎಂದರು ಲಿಗೋರಿ.
‘ಅರ್ಧ ಆಗಿತ್ತು. ಅಷ್ಟು ಹೊತ್ತಿಗೆ
ಆರರಲ್ಲಿ ಮೂರು ಎದ್ದಿದ್ದವೋ ಏನೋ.’

ಎದ್ದ ನೀರು ಎಲ್ಲಿ ಹೋಯಿತು ಹಾಗಾದರೆ?

ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದರು.
‘ಎಲ್ಲಿಗೆ ಹೋಗ್ತದೆ?
ಅದ್ರಲ್ಲೇ ಉಂಟಲ್ಲ.’