ಗೋಡೆಯ ಈಚೆ

ಬೋಬೊ-ಜೂಲಾಸೊ ಊರಿನ ಆ ಟಾಕೀಸಿಗೆ ಸೂರಿಲ್ಲ.
ಕಬ್ಬಿಣದ ಕುರ್ಚಿ, ಮೂರು ಗೋಡೆ,
ನಾಲ್ಕನೆಯದಕ್ಕೆ ಸುಣ್ಣ ಬಳಿದರೆ ಅದೇ ತೆರೆ.
ನಾಯಕಿಯ ಕೆನ್ನೆಯುದ್ದಕ್ಕೂ ಪ್ರತಿ ಶನಿವಾರ
ಹಲ್ಲಿಯೊಂದು ವಾಕಿಂಗು ಹೋಗುತ್ತದೆ.

ಈ ಸಲ ಅಬಿಜಾನಿನಿಂದ ಹೊಸ ಪತ್ತೇದಾರಿ ಚಿತ್ರ.
ಬಿಟ್ಟ ಮೇಲೆ ಯಾರೂ ಮನೆಗೆ ಹೋಗಲಿಲ್ಲ.
ಮೊಪೆಡ್ ನಿಲ್ಲಿಸುವ ಬಯಲಲ್ಲಿ, ಮಾಂಸ ಸುಡುವವನ ಹೊಗೆಯಲ್ಲಿ
ನಮ್ಮ ಎರಡನೇ ಆಟ. ಅದಕ್ಕೆ ಟಿಕೇಟಿಲ್ಲ.

"ಕೊಲೆಗಾರ ತಮ್ಮನೇ," ಅಂದ ಜೆಜುಮಾ, ಕಡ್ಡಿಯಿಂದ ಹಲ್ಲು ಕುಕ್ಕುತ್ತ,
"ಕಾಲು ಗಂಟೆಗೇ ಹಿಡಿದಿದ್ದೆ. ಆ ಪತ್ತೇದಾರನಿಗೆ ಸಂಬಳ ದಂಡ."
"ಹೌದಪ್ಪ, ಹೋದ ವಾರವೂ ಹಿಡಿದೆ,
ಕೊನೆಗೆ ನೋಡಿದರೆ ಕೊಲೆಯೇ ಆಗಿರಲಿಲ್ಲ!"
ಇದು ಮಾರಿಯೆತು. ಹೊಲಿಗೆಯವಳು,
ಕಥೆ ನೋಡುವುದಿಲ್ಲ, ಬಟ್ಟೆ ನೋಡುತ್ತಾಳೆ.
"ಬಾಗಿಲ ಹೊರಗೆ ಆಕೆಯ ಕುಪ್ಪಸ ನೀಲಿ, ಒಳಗೆ ಕಾಲಿಟ್ಟಾಗ ಹಸಿರು.
ಹೊಸ್ತಿಲಲ್ಲಿ ಬಣ್ಣ ಬದಲಿಸುವವಳನ್ನು ನಂಬುವುದು ಹೇಗೆ?"
ಕರ್ಫಾ ನಿದ್ದೆ ಹೋಗಿದ್ದ. ಆದರೂ ಚೆನ್ನಾಗಿಲ್ಲ ಅಂದ.
"ದುಡ್ಡು ಕೊಟ್ಟು ಮಲಗಿದೆಯಲ್ಲೋ!"
"ಮನೆಯಲ್ಲಿ ಐದು ಮಕ್ಕಳು. ಇಲ್ಲಾದರೆ ಬರೀ ಗುಂಡಿನ ಸದ್ದು."

ನಿಜವಾದ ಜಗಳ ಆ ಹತ್ತು ನಿಮಿಷದ್ದು.
ಆಕೆ ಕದ ತೆರೆದಳು, ದೀಪ ಹೊತ್ತಿಸಲು ಕೈಚಾಚಿದಳು,
ಇಡೀ ತೆರೆಯೇ ಆರಿಹೋಯಿತು.
ಮುನ್ನೂರು ಜನರ ಸಿಳ್ಳೆ. ಯಾರೋ ಪ್ರೊಜೆಕ್ಟರಿನವನ ತಾಯಿಯನ್ನು ನೆನೆದರು.
ಯಾರದೋ ಕೂಸು ಎದ್ದಿತು. ಹಿಂದಿನ ಸಾಲಿನ ಹುಡುಗರು
ಕಥೆಯನ್ನು ತಾವೇ ಮುಂದುವರಿಸಿದರು, ಮಾನ ಮರ್ಯಾದೆ ಬಿಟ್ಟು.
ನಾನು ತಲೆಯೆತ್ತಿದೆ: ಸಹಾರಾದ ಧೂಳಿನ ಹಿಂದೆ
ನಾಲ್ಕೈದು ನಕ್ಷತ್ರ, ಸವೆದ ರೀಲಿನ ಚುಕ್ಕೆಗಳ ಹಾಗೆ.
ಬೆಳಕು ಮರಳಿದಾಗ ಗಂಡ ನೆಲದ ಮೇಲೆ ಸತ್ತುಬಿದ್ದಿದ್ದ.
ಆಕೆ ಕೈ ತೊಳೆಯುತ್ತಿದ್ದಳು.

"ತಮ್ಮ ಕಿಟಕಿಯಿಂದ ಬಂದ."
"ಆಕೆಯೇ ಕೊಂದಳು."
"ಮೊದಲೇ ಸತ್ತಿದ್ದ."
"ಟಿಕೇಟಿನ ಕಾಲುಭಾಗ ವಾಪಸು ಕೇಳೋಣ," ಅಂದ ಕರ್ಫಾ.

ಆಗ ಸೂರೊ ಕೆಮ್ಮಿದ.
ನಮ್ಮ ಗಾಡಿಗಳ ಕಾವಲಿನವನು. ಹನ್ನೊಂದು ವರ್ಷದಿಂದ
ಗೋಡೆಯ ಈಚೆ, ತಗಡಿನ ಬಿಲ್ಲೆಗಳ ಡಬ್ಬಿ ತೊಡೆಯ ಮೇಲಿಟ್ಟು
ಕೂತವನು. ಒಳಗೆ ಒಂದು ದಿನವೂ ಬಂದವನಲ್ಲ.
"ಚಿತ್ರ ಹೋಯಿತು, ಸದ್ದು ಹೋಗಿರಲಿಲ್ಲ," ಅಂದ.
"ನೀವು ಅರಚುತ್ತಿದ್ದಿರಿ. ಸ್ಪೀಕರಿನ ಬೆನ್ನು ನನ್ನ ಕಡೆಗಿದೆ."

ಮಾಂಸದವನೂ ಬೀಸಣಿಗೆ ನಿಲ್ಲಿಸಿದ.

"ಗುಂಡಿಲ್ಲ, ಚಾಕುವಿಲ್ಲ. ಆತ ನೀರು ಕೇಳಿದ.
ಆಕೆ ಸುಮ್ಮನಿದ್ದಳು.
ಕುರ್ಚಿ ಉರುಳಿತು. ಇನ್ನೊಮ್ಮೆ ಕೇಳಿದ, ಹೆಸರು ಹಿಡಿದು.
ಆಮೇಲೆ ಲೋಟ ತುಂಬುವ ಸದ್ದು. ನಿಧಾನಕ್ಕೆ, ಅಂಚಿನವರೆಗೆ.
ಹೆಜ್ಜೆಯ ಸದ್ದಿಗೆ ಕಾದೆ ನಾನು.
ಬರಲಿಲ್ಲ."

ಜೆಜುಮಾನ ಬಾಯಲ್ಲಿ ಕಡ್ಡಿ ನಿಂತಿತು.
ಮಾರಿಯೆತು, "ಅಯ್ಯೋ, ಆ ಹಸಿರು..." ಅಂದು ಅರ್ಧಕ್ಕೇ ಬಿಟ್ಟಳು.

ಸೂರೊ ಡಬ್ಬಿ ಕುಲುಕಿದ. "ಈಗ ನೀವು ಹೇಳಿ.
ನೋಡಲು ಹೇಗಿದ್ದಾಳೆ ಆಕೆ? ದನಿ ನನ್ನ ಅಕ್ಕನದೇ.
ಮುಂದಿನ ಹಲ್ಲುಗಳ ನಡುವೆ ಸಂದು ಇರಬೇಕು."

ಎತ್ತರ, ಅಂದ ಜೆಜುಮಾ.
ಕುಳ್ಳಿ, ಎತ್ತರ ಚಪ್ಪಲಿಯದು, ಅಂದಳು ಮಾರಿಯೆತು.
ಎಡಗೆನ್ನೆಯಲ್ಲಿ ಮಚ್ಚೆ, ಅಂದೆ ನಾನು.
ಅದು ಹಲ್ಲಿ ಕಣೋ!
ನಿದ್ದೆಯವನನ್ನು ಬಿಟ್ಟರೂ ಮೂವರು,
ಎರಡು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು,
ಒಂದು ಮುಖ ಕೂಡಿಸಿ ಅವನಿಗೆ ಕೊಡಲಾರದೆ ಹೋದೆವು.
ಹಲ್ಲಿನ ಸಂದು? ಗೊತ್ತಿಲ್ಲ.
ಆಕೆ ಚಿತ್ರದುದ್ದಕ್ಕೂ ನಕ್ಕೇ ಇರಲಿಲ್ಲ.

"ಮುಂದಿನ ಶನಿವಾರ ನೀನು ಒಳಗೆ ಹೋಗು,
ಗಾಡಿ ನಾನು ಕಾಯುತ್ತೇನೆ," ಅಂದೆ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ನನ್ನ ಬಿಲ್ಲೆ ಇಸಕೊಂಡು ಅಂಗಿಗೆ ಒರೆಸಿ ಡಬ್ಬಿಗೆ ಹಾಕಿದ.

ಗಾಡಿಗೆ ಒದ್ದೆ. ಇನ್ನೊಮ್ಮೆ. ಮತ್ತೊಮ್ಮೆ.
"ಪ್ಲಗ್ಗು," ಅಂದ ಸೂರೊ,
ತಿರುಗಿ ನೋಡದೆ.