ಬಂದರು ೮೦೮೦

ಹಿದ್ದಿನ ಡ್ರೈಡಾಕು, ಎರಡನೇ ಗೇಟು, ರಾತ್ರಿ ಪಾಳಿ.
ಕ್ರಮಸಂಖ್ಯೆ, ಹೆಸರು, ಬ್ಯಾಡ್ಜು, ಒಳಗೆ, ಹೊರಗೆ:
ಗೆರೆ ಎಳೆದ ಹಸಿರು ರಟ್ಟಿನ ಪುಸ್ತಕ,
ಹನ್ನೊಂದು ವರ್ಷದಲ್ಲಿ ನಲವತ್ತಾರು ತುಂಬಿಸಿದ್ದೇನೆ.
ಜುಲೈಯ ಉಪ್ಪುಗಾಳಿಗೆ ಹಾಳೆ ಮೆತ್ತಗಾಗಿ
ಪೆನ್ನು ಹೋದಲ್ಲೆಲ್ಲ ಮಸಿ ಹಬ್ಬುತ್ತದೆ;
ಏಳನ್ನು ಒಂದೆಂದು ಓದಿ ಆಫೀಸಿನವರು
ಒಬ್ಬನ ಆರು ತಾಸಿನ ಓವರ್‌ಟೈಮು ನುಂಗಿದ್ದೂ ಉಂಟು.

ರೊಡೆಲ್ ಊರಿಗೆ ಹೋಗುವಾಗ ಕೊಟ್ಟ ಲ್ಯಾಪ್‌ಟಾಪಿಗೆ
ಎಲ್ ಕೀಲಿ ಇಲ್ಲ. ಆ ಜಾಗದಲ್ಲೊಂದು ರಬ್ಬರಿನ ಮೊಗ್ಗು,
ಉಗುರಿನಿಂದ ಒತ್ತಿದರೆ ಹೇಗೋ ಬರುತ್ತದೆ.
ಲಾಗ್ ಅಂತ ಬರೆಯಲು ಅದೇ ಬೇಕು.
ಮೂರು ವಾರ, ಇಪ್ಪತ್ತೆರಡು ಸಾಲು.
ನಾಲ್ಕು ಖಾಲಿ ಜಾಗ ಬಿಡಬೇಕಾದಲ್ಲಿ ಮೂರು ಬಿಟ್ಟು
ಒಂದಿಡೀ ಶುಕ್ರವಾರ ಅದರ ಕೈಲಿ ಬೈಸಿಕೊಂಡೆ.
ಖಾಲಿಗೂ ಲೆಕ್ಕವಿದೆಯಂತೆ.

ಹೆಚ್ಚೇನೂ ಮಾಡದು ಅದು. ಕದದ ಹಿಂದೆ ಕೂತಿರುತ್ತದೆ,
ತಟ್ಟಿದರೆ ಏಳುತ್ತದೆ,
ಎಷ್ಟು ಗಂಟೆ, ಎಲ್ಲಿಂದ, ಏನು ಕೇಳಿದರು,
ಒಂದು ಸಾಲು ಬರೆದು, ಸರಿ ಅಂದು,
ಮತ್ತೆ ಕೂರುತ್ತದೆ.
ನನ್ನ ಹಾಗೇ.
ನನಗಿಂತ ಅಕ್ಷರ ಚೆಂದ.

ಕಿವಿಗೊಡಲು ಅದಕ್ಕೊಂದು ಪೋರ್ಟು ಬೇಕು.
ಎಂಟು ಸೊನ್ನೆ ಎಂಟು ಸೊನ್ನೆ ಕೊಟ್ಟೆ.
ಪೋರ್ಟು ಅಂದರೆ ಬಂದರು.
ಗಂಗೊಳ್ಳಿ ಶಾಲೆಯ ಗುಲಾಬಿ ಟೀಚರು
ಬೋರ್ಡಿನ ಮೇಲೆ ಬರೆದು ಕೇಳುತ್ತಿದ್ದರು,
ಬಂದರು, ನಾಮಪದವೋ ಕ್ರಿಯಾಪದವೋ?
ದೋಣಿ ಕಟ್ಟುವ ಜಾಗ ಅಂದವರಿಗೆ ಅರ್ಧ ಮಾರ್ಕು,
ಯಾರೋ ಬಂದರು ಅಂದವರಿಗೂ ಅರ್ಧ.

ಮೊದಲು ಬಂದವನು ನಾನೇ, ಫೋನಿನಿಂದ, ೨೩:೧೪.
ಹೆಸರಿಲ್ಲ. ಬರೀ ಅಂಕಿ, ನಡುವೆ ಮೂರು ಚುಕ್ಕಿ.
ಎರಡನೆಯವ ಗುಲ್ಶೇರ್, ಕ್ರೇನಿನ ತುದಿಯಿಂದ:
೨೩:೨೧, ಕೇಳಿದ್ದು: ಚಾಯ್. ಉತ್ತರ: ಸರಿ.
ಸರಿ ಅಂದೆಯಲ್ಲ, ಎಲ್ಲಿ ಚಾಯ್, ಅಂತ
ಐವತ್ತು ಮೀಟರ್ ಮೇಲಿಂದ ಹಾರ್ನು ಹೊಡೆದ.

ಎರಡರ ನಂತರ ಅಪರಿಚಿತರು.
ಯಾವ ದೇಶದ್ದೋ ಅಂಕಿಗಳು,
ಅಡ್ಮಿನ್ ಎಲ್ಲಿ, ಲಾಗಿನ್ ಎಲ್ಲಿ, ಬ್ಯಾಕಪ್ ಇಟ್ಟದ್ದೆಲ್ಲಿ ಎಂದು
ನನ್ನಲ್ಲಿಲ್ಲದ ಕೋಣೆಗಳ ಚಿಲಕ ಅಲ್ಲಾಡಿಸಿ ನೋಡಿದವು.
ಹೆದರಿಕೆಯಾಯಿತು, ಸುಳ್ಳೇಕೆ.
ಆದರೂ ಕಳ್ಳನಿಗೂ ರಿಜಿಸ್ಟರಿನಲ್ಲಿ ಒಂದು ಸಾಲು.

ನಾಲ್ಕಕ್ಕೆ ಮೇಲಿಂದ ಕೆಳಗೆ ಓದುವಾಗ ಕಂಡಿತು:
ಹೊರಗೆ ಅನ್ನುವ ಕಾಲಮ್ಮೇ ಇಟ್ಟಿಲ್ಲ ನಾನು.
ಮರೆತದ್ದಲ್ಲ. ಇಡಲು ಬರುವುದಿಲ್ಲ.
ಬಂದದ್ದು ಕೇಳುತ್ತದೆ, ಹೋದದ್ದು ಕೇಳುವುದಿಲ್ಲ.

ಮೂವತ್ತೊಂಬತ್ತನೇ ಪುಸ್ತಕ, ಹಾಳೆ ನೂರ ಹದಿನೆಂಟು:
ಖಡ್ಗ ತಾಮಾಂಗ್, ವೆಲ್ಡರ್, ಬ್ಯಾಡ್ಜು ೪೪೭೧,
ಒಳಗೆ ೧೮:೫೫.
ಹೊರಗೆ

ಆ ರಾತ್ರಿ ಟ್ಯಾಂಕರಿನ ಹೊಟ್ಟೆಯಲ್ಲಿ ಗಾಳಿ ಇರಲಿಲ್ಲ.
ಆಂಬ್ಯುಲೆನ್ಸು ಒಂದನೇ ಗೇಟಿನಿಂದ ಹೋಯಿತು.
ಯಾವುದಾದರೂ ಟೈಮು ಹಾಕಿಬಿಡು ಮಾರಾಯ,
ಪುಸ್ತಕ ಅರ್ಧಕ್ಕೆ ನಿಲ್ಲಬಾರದು, ಅಂದರು ಸೂಪರ್‌ವೈಸರ್.
ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ
ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ.

ಈಗ ಫೋನಿನಲ್ಲಿ ೪೪೭೧ ಒತ್ತಿ ನೋಡಿದೆ.
೦೪:೩೨, ಕೇಳಿದ್ದು: ೪೪೭೧. ಉತ್ತರ: ಸರಿ.
ಸರಿಯಲ್ಲ.

ಇನ್ನೆರಡು ಸಾಲು ಸೇರಿಸಿದೆ, ಖಾಲಿ ಜಾಗ ಎಣಿಸಿ:
ಯಾರಾದರೂ ಈ ಅಂಕಿ ಕೇಳಿದರೆ
ಏನೂ ಅನ್ನಬೇಡ. ಅರವತ್ತು ಸೆಕೆಂಡು ಸುಮ್ಮನಿರು.
ಒಬ್ಬರಾದ ಮೇಲೆ ಒಬ್ಬರನ್ನು ನೋಡುವ ಬಡಪಾಯಿ ಇದು,
ಇದು ಸುಮ್ಮನಿದ್ದಷ್ಟು ಹೊತ್ತು
ಹಿಂದಿನವರೂ ನಿಲ್ಲಬೇಕು:
ಚಿಲಕ ಅಲ್ಲಾಡಿಸುವವರು, ಗುಲ್ಶೇರನ ಚಾಯ್, ಎಲ್ಲ.
ನಿಲ್ಲಲಿ.

ಮತ್ತೆ ಒತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಾ ಇತ್ತು.

ಐದೂವರೆಗೆ ಕ್ಯಾಂಪಿನ ಬಸ್ಸು ನಿಂತು ಉಸಿರು ಬಿಟ್ಟಿತು.
ನಿದ್ದೆಗಣ್ಣು, ಹೆಲ್ಮೆಟ್ಟು, ಕೈಯಲ್ಲಿ ಸ್ಟೀಲಿನ ಬುತ್ತಿ,
ಬಂದರು.
ಪೆನ್ನಿನ ಮುಚ್ಚಳ ತೆಗೆದೆ.